ಮಾವನ ಉದ್ರಿ ಖಾತೆ ಮತ್ತು ಜಾವಾದ ಟ್ರಾನ್ಸಿಯೆಂಟ್

ತುಂಬಾ ದಿನ ಆಯ್ತು ಇಲ್ಲಿ ಏನೂ ಬರೆದಿರಲಿಲ್ಲ. ಕೆಲಸ, ಓಡಾಟ, ಸೋಮಾರಿತನ... ಯಾವ ಕಾರಣ ಬೇಕಾದರೂ ಅಂದುಕೊಳ್ಳಿ :-) ಈಗ ಬರೆಯೋ ಹಾಗೆ ಮಾಡಿದ್ದು ಉಜ್ಜಿನಿ ಜಾತ್ರೆ.

ಉಜ್ಜಿನಿ ಅಂದ ಕೂಡಲೇ ಮಧ್ಯಪ್ರದೇಶದ ಉಜ್ಜಯಿನಿ ಅಂದುಕೋಬೇಡಿ. ಇದು ನಮ್ಮ ಕೊಟ್ಟೂರು ಹತ್ತಿರದ ಉಜ್ಜಿನಿ, ವೀರಶೈವ ಪಂಚಪೀಠಗಳಲ್ಲಿ ಒಂದು ಇರುವ ಊರು, ನನ್ನ ತಾಯಿಯ ತವರು. ಜಾತ್ರೆಗೆ ಹೋದವನು ಮರುಳಸಿದ್ಧೇಶ್ವರ ಗುಡಿಯ ಶಿಖರಕ್ಕೆ ಎಣ್ಣೆ ಎರೆಯೋದನ್ನ ನೋಡಿಕೊಂಡು ಬಂದು, ಮಾವನ ಮನೆ ಕಟ್ಟೆ ಮೇಲೆ ಕೂತು ಮಂಡಕ್ಕಿ ಮಿರ್ಚಿ ತಿಂತಾ ಇದ್ದೆ. ಆಗ ಮಾವನ ಮೊಮ್ಮಗಳು ನೋಟ್ ಬುಕ್ಕು ಹಿಡಿದುಕೊಂಡು ಬಂದಳು. ಎಂಜಿನಿಯರಿಂಗ್ ಓದುತ್ತಿದ್ದಾಳೆ.

"ಮಾಮಾ, ಇದೊಂದು ಹೇಳಿಕೊಡ್ರಿ. ಮುಂದಿನ ವಾರ ಪರೀಕ್ಷೆ ಐತಿ."

ನೋಡಿದರೆ ಜಾವಾ. ಸೀರಿಯಲೈಸೇಶನ್ ಅಂದರೆ ಆಬ್ಜೆಕ್ಟಿನ ಸ್ಥಿತಿಯನ್ನು ಬೈಟುಗಳ ಸಾಲಾಗಿ ಬದಲಿಸುವುದು. ಟ್ರಾನ್ಸಿಯೆಂಟ್ ಅಂದರೆ ಸೀರಿಯಲೈಸ್ ಆಗದ ಫೀಲ್ಡ್. ಎರಡೂ ಸೇರಿ ನಾಲ್ಕು ಸಾಲು, ನಾಲ್ಕು ಅಂಕ, ಮುಗೀತು.

"ಸರಿಯಾಗೇ ಬರ್ದೀಯಲ್ಲ, ಮತ್ತೇನು?" ಅಂದೆ.

"ಬಾಯಿಪಾಠ ಆಗೈತ್ರಿ. ಅರ್ಥ ಆಗಿಲ್ಲ."

ಹೀಗೆ ಒಪ್ಪಿಕೊಳ್ಳೋ ಮಕ್ಕಳು ಕಮ್ಮಿ. ಖುಷಿಯಾಯ್ತು. ಅವಳಿಗೆ ಒಂದು ಪ್ರಶ್ನೆ ಕೇಳಿದೆ. ಒಂದು ಕ್ಲಾಸಿನಲ್ಲಿ ಟ್ರಾನ್ಸಿಯೆಂಟ್ ಅಂತ ಗುರುತು ಹಾಕಿದ ಇಂಟ್ ಫೀಲ್ಡ್ ಇದೆ. ಡಿಕ್ಲೇರ್ ಮಾಡುವಾಗಲೇ ಅದಕ್ಕೆ 5 ಕೊಟ್ಟಿದ್ದೀವಿ. ಆಬ್ಜೆಕ್ಟನ್ನ ಫೈಲಿಗೆ ಬರೆದು, ವಾಪಸ್ ಓದಿ, ಆ ಫೀಲ್ಡನ್ನ ಪ್ರಿಂಟ್ ಮಾಡಿದರೆ ಏನು ಬರುತ್ತೆ?

"ಐದು" ಅಂದಳು. "ಸೇವ್ ಆಗಲ್ಲ, ಆದ್ರ ಓದುವಾಗ ಆಬ್ಜೆಕ್ಟು ಮತ್ತೆ ಹುಟ್ಟತೈತಲ್ಲ, ಐದು ಬರ್ಬೇಕು."

ಲ್ಯಾಪ್‌ಟಾಪಿನಲ್ಲಿ ಹಾಕಿ ನೋಡಿದೆವು. ಬಂದದ್ದು 0.

ಅವಳ ಮುಖ ನೋಡಿದಾಗ ನನಗೆ ನನ್ನದೇ ಮುಖ ನೆನಪಾಯ್ತು. 2009ರಲ್ಲಿ, ಇದೇ ಕಟ್ಟೆ ಮೇಲೆ, ಇದೇ ಸೊನ್ನೆ ನೋಡಿ ನಾನು ಬೆಪ್ಪಾಗಿ ಕೂತಿದ್ದೆ. ಅದಕ್ಕೇ ಈ ಬರಹ. ನಾನು ಹೇಳೋದು ಇಷ್ಟೇ: ಟ್ರಾನ್ಸಿಯೆಂಟನ್ನ "ಸೇವ್ ಆಗದ್ದು" ಅಂತ ಕಲಿಸೋದು ಅರ್ಧ ಪಾಠ. ಉಳಿದ ಅರ್ಧ ಒಂದು ಪ್ರಶ್ನೆ: ವಾಪಸ್ ಓದಿದಾಗ ಆ ಖಾಲಿ ಜಾಗವನ್ನ ತುಂಬೋರು ಯಾರು? ಆ ಅರ್ಧ ಗೊತ್ತಿಲ್ಲದೆ ನಾನು ಒಂದೇ ರಾತ್ರಿಯಲ್ಲಿ ಊರಿನವರ ಸಾಲ ಮನ್ನಾ ಮಾಡಿದ್ದೆ!

ಕಥೆಗೆ ಮೊದಲು, ಜಾವಾ ಗೊತ್ತಿಲ್ಲದವರಿಗಾಗಿ ಸ್ವಲ್ಪ ಹಿನ್ನೆಲೆ. ಗೊತ್ತಿದ್ದವರು ಎರಡು ಪ್ಯಾರಾ ಹಾರಿಸಿಕೊಂಡು ಹೋಗಿ.

ಪ್ರೋಗ್ರಾಂ ನಡೆಯುತ್ತಿರುವಾಗ ಆಬ್ಜೆಕ್ಟುಗಳು ಮೆಮೊರಿಯಲ್ಲಿ ಇರುತ್ತವೆ. ಪ್ರೋಗ್ರಾಂ ನಿಂತರೆ ಅವೂ ಹೋಗುತ್ತವೆ. ಅವುಗಳನ್ನ ಫೈಲಿನಲ್ಲಿ ಇಡಬೇಕು ಅಥವಾ ಇನ್ನೊಂದು ಕಂಪ್ಯೂಟರಿಗೆ ಕಳಿಸಬೇಕು ಅಂದರೆ ಬೈಟುಗಳ ಒಂದು ಸಾಲಾಗಿ ಬರೆಯಬೇಕು. ಜಾವಾದಲ್ಲಿ ಇದು 1997ರ ಜೆಡಿಕೆ 1.1ರಿಂದ ಇದೆ. ಮಾಡಬೇಕಾದ್ದು ತೀರಾ ಸುಲಭ. ಕ್ಲಾಸಿನ ಹೆಸರಿನ ಮುಂದೆ "ಇಂಪ್ಲಿಮೆಂಟ್ಸ್ ಸೀರಿಯಲೈಜಬಲ್" ಅಂತ ಬರೆದರೆ ಆಯ್ತು. ಆ ಇಂಟರ್ಫೇಸಿನಲ್ಲಿ ಒಂದು ಮೆಥಡ್ಡೂ ಇಲ್ಲ. ಅದು "ನನ್ನನ್ನ ಬರೆಯಬಹುದು" ಅನ್ನೋ ಒಂದು ಚೀಟಿ ಅಷ್ಟೇ. ಆಮೇಲೆ ಆಬ್ಜೆಕ್ಟ್ ಔಟ್‌ಪುಟ್ ಸ್ಟ್ರೀಮ್ ಅನ್ನೋದು ಆ ಆಬ್ಜೆಕ್ಟನ್ನೂ, ಅದು ಹಿಡಿದುಕೊಂಡಿರುವ ಬೇರೆ ಆಬ್ಜೆಕ್ಟುಗಳನ್ನೂ, ಅವು ಹಿಡಿದುಕೊಂಡಿರುವ ಮತ್ತೊಂದಿಷ್ಟನ್ನೂ ಬೆನ್ನು ಹತ್ತಿಕೊಂಡು ಹೋಗಿ ಬರೆಯುತ್ತೆ. ಮಧ್ಯದಲ್ಲಿ ಒಂದಕ್ಕೆ ಚೀಟಿ ಇಲ್ಲದಿದ್ದರೂ "ನಾಟ್ ಸೀರಿಯಲೈಜಬಲ್ ಎಕ್ಸೆಪ್ಷನ್" ಅಂತ ನಿಂತುಬಿಡುತ್ತೆ.

ಏನೇನು ಬರೆಯುತ್ತೆ? ಕ್ಲಾಸಿನ ಹೆಸರು, ಫೀಲ್ಡುಗಳ ಹೆಸರು, ಅವುಗಳ ಟೈಪು, ಅವುಗಳ ಬೆಲೆ. "ಉಜ್ಜಿನಿ" ಅನ್ನೋ ಪದವನ್ನೇ ತಗೊಳ್ಳಿ. ಯುನಿಕೋಡಿನಲ್ಲಿ ಅದು 7 ಸಂಕೇತ. ಒಂದೊಂದು ಕನ್ನಡ ಸಂಕೇತಕ್ಕೆ 3 ಬೈಟು, ಒಟ್ಟು 21. ಇದು ಸ್ಟ್ರಿಂಗು ಅಂತ ಹೇಳೋಕೆ 1, ಉದ್ದ ಎಷ್ಟು ಅಂತ ಹೇಳೋಕೆ 2, ಸೇರಿ 24 ಬೈಟು. ಏನೇನು ಬರೆಯಲ್ಲ? ಮೆಥಡ್ಡುಗಳ ಕೋಡ್ ಬರೆಯಲ್ಲ, ಸ್ಟ್ಯಾಟಿಕ್ ಫೀಲ್ಡುಗಳನ್ನ ಬರೆಯಲ್ಲ, ಟ್ರಾನ್ಸಿಯೆಂಟ್ ಅಂತ ಗುರುತು ಹಾಕಿದ್ದನ್ನ ಬರೆಯಲ್ಲ.

ಒಂದು ಮಾತು ಗಮನಿಸಿ. ಪ್ರೈವೇಟ್ ಫೀಲ್ಡುಗಳೂ ಬರೆಯಲ್ಪಡುತ್ತವೆ. ನಮ್ಮ ಕಡೆ ಒಂದು ಮಾತಿದೆ, ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು ಅಂತ. ಉಜ್ಜಿನಿ ಗುಡಿಯ ಒಳಗಿನ ಕೆತ್ತನೆ ನೋಡಿದವರಿಗೆ ಆ ಮಾತು ಯಾಕೆ ಬಂತು ಅಂತ ಗೊತ್ತು. ನಾವು ಆಬ್ಜೆಕ್ಟುಗಳನ್ನ ಬರೆಯುವಾಗ ಹೊರಗಿನವರಿಗೆ ಮೆಥಡ್ ಮಾತ್ರ ಕಾಣಲಿ, ಒಳಗಿನದು ನಮ್ಮ ಗುಟ್ಟು ಅಂತ ಅಂದುಕೊಂಡಿರ್ತೀವಿ. ಸೀರಿಯಲೈಸೇಶನ್ ಮಾತ್ರ ಸೀದಾ ಒಳಗೇ ನೋಡುತ್ತೆ. ಹಾಗಾಗಿ ಒಳಗಿರೋದರಲ್ಲಿ ಯಾವುದು ಹೋಗಬೇಕು, ಯಾವುದು ಬೇಡ ಅನ್ನೋದನ್ನ ಬರೆದವನೇ ತೀರ್ಮಾನ ಮಾಡಬೇಕು. ಆ ತೀರ್ಮಾನದ ಹೆಸರೇ ಟ್ರಾನ್ಸಿಯೆಂಟ್.

ಬೇಡ ಅನ್ನೋಕೆ ಸಾಮಾನ್ಯವಾಗಿ ಮೂರು ಕಾರಣ. ಒಂದು, ಬೇರೆ ಕಡೆ ಅರ್ಥವೇ ಇಲ್ಲದ್ದು: ತೆರೆದಿಟ್ಟ ಫೈಲು, ಡೇಟಾಬೇಸ್ ಕನೆಕ್ಷನ್, ಥ್ರೆಡ್. ಎರಡು, ಹೋಗಬಾರದ್ದು, ಅಂದರೆ ಪಾಸ್‌ವರ್ಡ್ ಥರದ್ದು. (ಟ್ರಾನ್ಸಿಯೆಂಟ್ ಹಾಕಿದ ಮಾತ್ರಕ್ಕೆ ಪಾಸ್‌ವರ್ಡ್ ಭದ್ರ ಅಂದುಕೋಬೇಡಿ. ಅದು ಈ ಒಂದು ಬಾಗಿಲು ಮುಚ್ಚುತ್ತೆ, ಅಷ್ಟೇ.) ಮೂರು, ಬೇರೆ ಮಾಹಿತಿಯಿಂದ ಲೆಕ್ಕ ಹಾಕಿ ತೆಗೆಯಬಹುದಾದದ್ದು. ನಾನು ಬಿದ್ದದ್ದು ಈ ಮೂರನೇ ಗುಂಡಿಯಲ್ಲಿ.

ಈಗ ಕಥೆಗೆ ಬರೋಣ. ಮಾವನಿಗೆ ಉಜ್ಜಿನಿಯಲ್ಲಿ ಗೊಬ್ಬರ ಬೀಜದ ಸಣ್ಣ ಅಂಗಡಿ ಇತ್ತು. ಈಗ ಮುಚ್ಚಿದ್ದಾರೆ. ನಮ್ಮ ಕಡೆ ಹೊಲ ಅಂದರೆ ಮಳೆ ನಂಬಿದ ಜೋಳ, ಶೇಂಗಾ, ಮೆಕ್ಕೆಜೋಳ. ವ್ಯಾಪಾರ ಬಹುಪಾಲು ಉದ್ರಿ. ಬಿತ್ತುವಾಗ ಒಯ್ತಾರೆ, ಬೆಳೆ ಬಂದಾಗ ಕೊಡ್ತಾರೆ, ಮಳೆ ಕೈಕೊಟ್ಟರೆ ಮುಂದಿನ ವರ್ಷಕ್ಕೆ ಹೋಗುತ್ತೆ. ನಾನು ಆಗಷ್ಟೇ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದ ಹುರುಪಿನಲ್ಲಿ ಮಾವನಿಗೆ ಜಾವಾದಲ್ಲಿ ಒಂದು ಉದ್ರಿ ಖಾತೆ ಪ್ರೋಗ್ರಾಂ ಬರೆದುಕೊಟ್ಟೆ. ಜಾವಾದಲ್ಲಿ ವೇರಿಯೇಬಲ್ ಹೆಸರುಗಳನ್ನ ಕನ್ನಡದಲ್ಲೇ ಇಡಬಹುದು, ಗೊತ್ತಾ? ಹಾಗೇ ಇಟ್ಟಿದ್ದೆ. ಗ್ರಾಹಕ ಅನ್ನೋ ಕ್ಲಾಸು. ಅದರಲ್ಲಿ ಹೆಸರು, ಊರು, ಎಂಟ್ರಿಗಳ ಒಂದು ಪಟ್ಟಿ, ಮತ್ತೆ ಬಾಕಿ.

ಎಂಟ್ರಿಗಳನ್ನೆಲ್ಲ ಕೂಡಿಸಿ ಕಳೆದರೆ ಬಾಕಿ ಸಿಗುತ್ತಲ್ಲ, ಅದನ್ನ ಯಾಕೆ ಸೇವ್ ಮಾಡಬೇಕು? ಎರಡು ಕಡೆ ಒಂದೇ ವಿಷಯ ಇಟ್ಟರೆ ಒಂದಿನ ಎರಡೂ ಬೇರೆ ಬೇರೆ ಹೇಳುತ್ತವೆ. ಹಾಗಾಗಿ ಬಾಕಿಗೆ ಟ್ರಾನ್ಸಿಯೆಂಟ್ ಹಾಕಿದೆ. ಪುಸ್ತಕದಲ್ಲಿ ಓದಿದ್ದನ್ನ ಬಳಸಿದೆ ಅಂತ ಹೆಮ್ಮೆ ಬೇರೆ! ಒಂದೊಂದು ಎಂಟ್ರಿ ಸೇರಿಸುವಾಗಲೂ ಬಾಕಿಗೆ ಕೂಡಿಸುತ್ತಾ ಹೋಗುವ ಹಾಗೆ ಬರೆದಿದ್ದೆ. ಇಡೀ ದಿನ ಕೂತು ಹಳೇ ಪುಸ್ತಕದ ಬಾಕಿಗಳನ್ನೆಲ್ಲ ಮೊದಲ ಎಂಟ್ರಿಯಾಗಿ ಹಾಕಿದೆವು. ಎಲ್ಲಾ ಸರಿಯಾಗಿ ಬಂತು. ಸಂಜೆ ಸೇವ್ ಮಾಡಿ, ಕಂಪ್ಯೂಟರ್ ಬಂದ್ ಮಾಡಿ, ರಾತ್ರಿ ಬಸ್ಸಿಗೆ ನಾನು ಬೆಂಗಳೂರಿಗೆ ಹೊರಟೆ.

ಮಾರನೇ ದಿನ ಮಧ್ಯಾಹ್ನ ಮಾವನ ಫೋನು.

"ಏನಲೇ ಅಳಿಯಾ, ಸರ್ಕಾರದೋರು ಮಾಡದಿದ್ದ ಸಾಲ ಮನ್ನಾ ನಿನ್ನ ಕಂಪ್ಯೂಟರ್ ಮಾಡೈತಲ್ಲೋ!"

ಆಗಿದ್ದು ಹೀಗೆ. ಬೆಳಿಗ್ಗೆ ಪ್ರೋಗ್ರಾಂ ಶುರುವಾದಾಗ ಫೈಲಿನಿಂದ ಗ್ರಾಹಕರನ್ನ ಓದಿತು. ಎಂಟ್ರಿಗಳೆಲ್ಲ ಬಂದವು. ಬಾಕಿ ಟ್ರಾನ್ಸಿಯೆಂಟ್, ಹಾಗಾಗಿ ಸೊನ್ನೆ. ಮೊದಲು ಬಂದ ಒಬ್ಬ ಅಜ್ಜ ಬಾಕಿ ಕೇಳಿದ. ಅಂಗಡಿ ಹುಡುಗ ಸೊನ್ನೆ ಅಂದ. ಆ ಅಜ್ಜ, "ಹೆಂಗಾಕ್ಕತಿ ಸಾವ್ಕಾರ್ರೇ, ಹೋದ ವರ್ಷದ ಶೇಂಗಾ ಬೀಜದ ರೊಕ್ಕ ಕೊಟ್ಟಿಲ್ಲಲ್ಲ ನಾನು" ಅಂದನಂತೆ. ಪುಣ್ಯಾತ್ಮ. ಅವನು ಹೇಳಿದ ಮೇಲೇ ಮಾವನಿಗೆ ಗೊತ್ತಾಗಿದ್ದು.

ಆದರೆ ಅಷ್ಟೊತ್ತಿಗೆ ಇನ್ನೊಬ್ಬರಿಗೆ ಒಂದು ಚೀಟಿ ಪ್ರಿಂಟ್ ಆಗಿ ಹೋಗಿತ್ತು. ಅವರ ಹಳೇ ಬಾಕಿ 18,400 ರೂಪಾಯಿ. ಅವತ್ತು ಒಯ್ದದ್ದು 1,250 ರೂಪಾಯಿ ಗೊಬ್ಬರ. ಚೀಟಿಯಲ್ಲಿ ಒಟ್ಟು ಬಾಕಿ 1,250! ಸೊನ್ನೆ ಕಂಡಿದ್ದರೆ ಯಾರಿಗಾದರೂ ಅನುಮಾನ ಬರ್ತಿತ್ತು. 1,250 ಅನ್ನೋದು ನಿಜವಾದ ಲೆಕ್ಕದ ಹಾಗೇ ಕಾಣುತ್ತೆ. ಆ ಚೀಟಿಯನ್ನ ವಾಪಸ್ ಕೇಳೋಕೆ ಮಾವ ಅವರ ಮನೆಗೇ ಹೋಗಬೇಕಾಯ್ತು. ಮೂವತ್ತು ವರ್ಷ ಪುಸ್ತಕದಲ್ಲಿ ಬರೆದ ಲೆಕ್ಕವನ್ನ ಯಾರೂ ಪ್ರಶ್ನೆ ಮಾಡಿರಲಿಲ್ಲ. ಕಂಪ್ಯೂಟರ್ ಬಂದ ಎರಡನೇ ದಿನವೇ ಮಾವ ಇನ್ನೊಬ್ಬರ ಕಟ್ಟೆ ಮೇಲೆ ಕೂತು "ಅದು ತಪ್ಪಾಗೈತಿ" ಅಂತ ಸಮಜಾಯಿಷಿ ಕೊಡಬೇಕಾಯ್ತು. ಅವರು ಏನೂ ಅನ್ನಲಿಲ್ಲವಂತೆ. ಆದರೂ ಮಾವ ಅದನ್ನ ಹೇಳುವಾಗ ದನಿ ಸಣ್ಣದಾಗಿದ್ದು ನನಗೆ ಇವತ್ತಿಗೂ ನೆನಪಿದೆ.

ಡೇಟಾ ಏನೂ ಹಾಳಾಗಿರಲಿಲ್ಲ, ಎಂಟ್ರಿಗಳೆಲ್ಲ ಫೈಲಿನಲ್ಲಿ ಭದ್ರವಾಗಿದ್ದವು. ತಪ್ಪಿದ್ದು ಎಲ್ಲಿ? ಫೈಲಿನಿಂದ ಆಬ್ಜೆಕ್ಟನ್ನ ಓದಿದಾಗಲೂ ಕನ್‌ಸ್ಟ್ರಕ್ಟರ್ ನಡೆಯುತ್ತೆ, ಆರಂಭದ ಬೆಲೆಗಳೆಲ್ಲ ಬಂದು ಕೂರುತ್ತವೆ, ಎಂಟ್ರಿಗಳನ್ನ ಸೇರಿಸುವ ಮೆಥಡ್ಡಿನ ಮೂಲಕವೇ ಸೇರಿಸುತ್ತೆ ಅಂತ ನಾನು ಅಂದುಕೊಂಡಿದ್ದೆ. ಹಾಗಿಲ್ಲ. ಸೀರಿಯಲೈಜಬಲ್ ಕ್ಲಾಸಿನ ಕನ್‌ಸ್ಟ್ರಕ್ಟರನ್ನ ಜಾವಾ ಆಗ ಕರೆಯೋದೇ ಇಲ್ಲ. (ಚೀಟಿ ಇಲ್ಲದ ಮೇಲಿನ ಕ್ಲಾಸ್ ಒಂದಿದ್ದರೆ ಅದರ ಖಾಲಿ ಕನ್‌ಸ್ಟ್ರಕ್ಟರ್ ಮಾತ್ರ ನಡೆಯುತ್ತೆ.) ಫೀಲ್ಡುಗಳಿಗೆ ಬೆಲೆಗಳನ್ನ ನೇರವಾಗಿ ತುಂಬುತ್ತೆ. ಟ್ರಾನ್ಸಿಯೆಂಟ್ ಫೀಲ್ಡಿಗೆ ತುಂಬೋಕೆ ಏನೂ ಇಲ್ಲ, ಹಾಗಾಗಿ ಅಂಕಿಗೆ 0, ಬೂಲಿಯನ್ನಿಗೆ ಫಾಲ್ಸ್, ಆಬ್ಜೆಕ್ಟಿಗೆ ನಲ್. ಮೊಮ್ಮಗಳ 5 ಹೋಗಿ 0 ಬಂದದ್ದೂ ಇದಕ್ಕೇ.

ಇಲ್ಲಿ ನಲ್‌ಗೂ ಸೊನ್ನೆಗೂ ಇರುವ ವ್ಯತ್ಯಾಸ ಯಾರೂ ಪಾಠದಲ್ಲಿ ಹೇಳಲ್ಲ. ನಲ್ ಬಂದರೆ ಪ್ರೋಗ್ರಾಂ ಮೊದಲ ಸಲ ಮುಟ್ಟಿದಾಗಲೇ ಕಿರುಚಿಕೊಂಡು ಬೀಳುತ್ತೆ. ಬೈಕೊಂಡರೂ ತಪ್ಪು ಗೊತ್ತಾಗುತ್ತೆ. ಸೊನ್ನೆ ಹಾಗಲ್ಲ, ಅದು ಸುಮ್ಮನೆ ಸುಳ್ಳು ಹೇಳಿ, ಮುಂದಿನ ಲೆಕ್ಕದಲ್ಲಿ ಬೆರೆತು ಹೋಗುತ್ತೆ. ನಾನು ಬಾಕಿಯನ್ನ ಸಾದಾ ಲಾಂಗ್ ಬದಲು ಆಬ್ಜೆಕ್ಟ್ ಆಗಿ ಇಟ್ಟಿದ್ದರೆ ಬೆಳಿಗ್ಗೆಯೇ ಪ್ರೋಗ್ರಾಂ ಬಿದ್ದು, ಮಾವ ಪುಸ್ತಕ ತೆಗೆದು ವ್ಯಾಪಾರ ಮಾಡ್ತಿದ್ದರು. ಚೀಟಿಯೂ ಹೋಗ್ತಿರಲಿಲ್ಲ, ದನಿಯೂ ಸಣ್ಣದಾಗ್ತಿರಲಿಲ್ಲ.

ಮುಂದಿನ ಶನಿವಾರ ಊರಿಗೆ ಓಡಿದೆ. ಮಾವ ಬೈಯಲಿಲ್ಲ. ತಮ್ಮ ಹಳೇ ಖಾತೆ ಪುಸ್ತಕ ತೆಗೆದು ತೋರಿಸಿದರು. ಎಂಟ್ರಿಗಳೆಲ್ಲ ಪೆನ್ನಿನಲ್ಲಿ, ಬಾಕಿ ಮಾತ್ರ ಪೆನ್ಸಿಲ್ಲಿನಲ್ಲಿ.

"ಬಾಕಿ ದಿನಾ ಬದಲಾಗತೈತಿ, ಅದಕ್ಕ ಪೆನ್ಸಿಲ್ಲು. ಅಳಿಸಿ ಹೋದ್ರೂ ಚಿಂತಿಲ್ಲ, ಮ್ಯಾಲಿನ ಸಾಲು ಕೂಡಿಸಿದ್ರ ಬರ್ತೈತಿ. ಆದ್ರ ಹೊಸ ಹಾಳಿ ತಿರುವಿದ ಕೂಡ್ಲೇ ಮೊದ್ಲು ಮಾಡೋ ಕೆಲ್ಸ ಏನು? ಹಿಂದಿನ ಹಾಳಿ ಕೂಡಿಸಿ ಮ್ಯಾಲೆ ಬರ್ಕೊಳ್ಳೋದು. ಅದನ್ನ ಮಾಡ್ದಂಗ ಹಾಳಿ ಮ್ಯಾಲೆ ಪೆನ್ನು ಇಡಂಗಿಲ್ಲ."

ಎಸ್ಸೆಸ್ಸೆಲ್ಸಿವರೆಗೆ ಓದಿದ ಮಾವ ಟ್ರಾನ್ಸಿಯೆಂಟನ್ನೂ, ಅದನ್ನ ಯಾರು ತುಂಬಬೇಕು ಅನ್ನೋದನ್ನೂ ಒಟ್ಟಿಗೇ ಹೇಳಿಬಿಟ್ಟರು. ನನ್ನ ಪುಸ್ತಕಗಳು ಪೆನ್ಸಿಲ್ಲಿನ ವಿಷಯ ಹೇಳಿದ್ದವು, ಹಾಳಿ ತಿರುವೋದು ಹೇಳಿರಲಿಲ್ಲ. ಹೇಳಿದ್ದರೂ ನಾನು ಓದಿರಲಿಲ್ಲ :-)

ಜಾವಾದಲ್ಲಿ ಹಾಳಿ ತಿರುವುವ ಜಾಗ ಇದೆ. ಕ್ಲಾಸಿನಲ್ಲಿ ರೀಡ್‌ಆಬ್ಜೆಕ್ಟ್ ಅನ್ನೋ ಒಂದು ಪ್ರೈವೇಟ್ ಮೆಥಡ್ ಬರೆದರೆ, ಓದುವಾಗ ಜಾವಾ ಅದನ್ನ ಕರೆಯುತ್ತೆ. ಅದರಲ್ಲಿ ಮೊದಲು ಡಿಫಾಲ್ಟ್‌ರೀಡ್‌ಆಬ್ಜೆಕ್ಟ್ ಅಂತ ಕರೆದು ಸೇವ್ ಆದದ್ದನ್ನೆಲ್ಲ ಓದಿಕೊಂಡು, ಆಮೇಲೆ ಎಂಟ್ರಿಗಳನ್ನ ಕೂಡಿಸಿ ಬಾಕಿ ತುಂಬಬೇಕು. ನಾಲ್ಕೇ ಸಾಲು. ಇನ್ನೂ ಒಳ್ಳೇ ದಾರಿ ಅಂದರೆ ಬಾಕಿ ಅನ್ನೋ ಫೀಲ್ಡನ್ನೇ ತೆಗೆದು, ಕೇಳಿದಾಗಲೆಲ್ಲ ಕೂಡಿಸಿ ಹೇಳುವ ಮೆಥಡ್ ಇಡೋದು. ಒಬ್ಬ ಗ್ರಾಹಕನಿಗೆ ವರ್ಷಕ್ಕೆ ನಲವತ್ತು ಎಂಟ್ರಿ, ಕೂಡಿಸೋಕೆ ಕಂಪ್ಯೂಟರಿಗೆ ಎಷ್ಟೊತ್ತು? ಕೊನೆಗೆ ನಾನು ಹಾಗೇ ಮಾಡಿದ್ದು.

ಜಾವಾ ಬರೆದವರೂ ಹಾಳಿ ತಿರುವುತ್ತಾರೆ. ಹ್ಯಾಶ್‌ಮ್ಯಾಪಿನ ಒಳಗಿನ ಟೇಬಲ್ ಟ್ರಾನ್ಸಿಯೆಂಟ್. ಯಾವ ಕೀ ಯಾವ ಖಾನೆಯಲ್ಲಿ ಕೂರಬೇಕು ಅನ್ನೋದು ಹ್ಯಾಶ್‌ಕೋಡ್ ಮೇಲೆ ನಿಂತಿದೆ, ಮತ್ತು ಕೆಲವು ಆಬ್ಜೆಕ್ಟುಗಳ ಹ್ಯಾಶ್‌ಕೋಡ್ ಪ್ರೋಗ್ರಾಂ ಮತ್ತೆ ಶುರುವಾದಾಗ ಬೇರೆಯಾಗಬಹುದು. ಹಳೇ ಖಾನೆಗಳನ್ನೇ ಬರೆದಿಟ್ಟರೆ ಓದಿದ ಮೇಲೆ ಹುಡುಕಿದ್ದು ಸಿಗಲ್ಲ. ಅದಕ್ಕೆ ಕೀ ಮತ್ತು ಬೆಲೆಗಳನ್ನ ಮಾತ್ರ ಬರೆದು, ಓದುವಾಗ ಒಂದೊಂದನ್ನೂ ಹೊಸದಾಗಿ ಖಾನೆಗೆ ಹಾಕುತ್ತಾರೆ. ಅಲ್ಲಿ ಟ್ರಾನ್ಸಿಯೆಂಟ್ ಒಂಟಿಯಾಗಿ ಇಲ್ಲ, ಪಕ್ಕದಲ್ಲೇ ರೀಡ್‌ಆಬ್ಜೆಕ್ಟ್ ಇದೆ. ಇವೆರಡನ್ನ ಜೋಡಿಯಾಗಿ ಕಲಿಸಬೇಕು ಅನ್ನೋದೇ ನನ್ನ ತಕರಾರು.

ಇದೇ ಪ್ರಶ್ನೆ ಇನ್ನೊಂದು ವೇಷದಲ್ಲೂ ಬರುತ್ತೆ. ಮಾವನ ಪ್ರೋಗ್ರಾಂ ಬರೆದಾಗ ಉಜ್ಜಿನಿ ಇದ್ದದ್ದು ಕೂಡ್ಲಿಗಿ ತಾಲ್ಲೂಕು, ಬಳ್ಳಾರಿ ಜಿಲ್ಲೆಯಲ್ಲಿ. ಆಮೇಲೆ ಕೊಟ್ಟೂರು ಬೇರೆ ತಾಲ್ಲೂಕಾಯ್ತು, 2021ರಲ್ಲಿ ವಿಜಯನಗರ ಜಿಲ್ಲೆಯಾಯ್ತು. ಪಕ್ಕದ ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂದು, ಈಗ ವಿಜಯನಗರದಲ್ಲಿದೆ. ಊರು ಕದಲಿಲ್ಲ, ವಿಳಾಸ ಮಾತ್ರ ಬದಲಾಯ್ತು. ಕ್ಲಾಸುಗಳ ಕಥೆಯೂ ಹೀಗೇ. ಇವತ್ತು ಬರೆದ ಫೈಲನ್ನ ನಾಳೆ ಬದಲಾದ ಕ್ಲಾಸು ಓದಬೇಕು. ಇದು ಅದೇ ಕ್ಲಾಸೇ ಅಂತ ಗುರುತಿಸೋಕೆ ಸೀರಿಯಲ್ ವರ್ಷನ್ ಯುಐಡಿ ಅನ್ನೋ ಒಂದು ಸಂಖ್ಯೆ ಇದೆ. ನಾವು ಕೊಡದಿದ್ದರೆ ಜಾವಾ ತಾನೇ ಕ್ಲಾಸಿನ ಹೆಸರು, ಫೀಲ್ಡು, ಮೆಥಡ್ಡುಗಳಿಂದ ಲೆಕ್ಕ ಹಾಕುತ್ತೆ. ಆಗ ಒಂದು ಮೆಥಡ್ ಸೇರಿಸಿದರೂ ಸಂಖ್ಯೆ ಬದಲಾಗಿ ಹಳೇ ಫೈಲು "ಇನ್‌ವ್ಯಾಲಿಡ್ ಕ್ಲಾಸ್ ಎಕ್ಸೆಪ್ಷನ್" ಕೊಡಬಹುದು. ನಾವೇ ಕೊಟ್ಟರೆ ಹಳೇ ಫೈಲು ಓದಬಹುದು. ಆದರೆ ಹೊಸದಾಗಿ ಸೇರಿಸಿದ "ತಾಲ್ಲೂಕು" ಅನ್ನೋ ಫೀಲ್ಡು ಹಳೇ ಫೈಲಿನಲ್ಲಿ ಇಲ್ಲವಲ್ಲ, ಅದು ನಲ್ ಆಗಿರುತ್ತೆ. ಮತ್ತೆ ಅದೇ ಪ್ರಶ್ನೆ: ತುಂಬೋರು ಯಾರು?

ಇಷ್ಟೆಲ್ಲ ಓದಿ ಕೆಲವರು, "ಈಗ ಯಾರಪ್ಪಾ ಜಾವಾ ಸೀರಿಯಲೈಸೇಶನ್ ಬಳಸ್ತಾರೆ?" ಅನ್ನಬಹುದು. ಸರಿಯಾದ ಮಾತು. ಅಪರಿಚಿತರು ಕಳಿಸಿದ ಬೈಟುಗಳನ್ನ ಹೀಗೆ ಓದಿದರೆ, ಯಾವ ಕ್ಲಾಸಿನ ಆಬ್ಜೆಕ್ಟ್ ಹುಟ್ಟಬೇಕು ಅನ್ನೋದನ್ನ ಕಳಿಸಿದವನೇ ತೀರ್ಮಾನ ಮಾಡುತ್ತಾನೆ. 2015ರಲ್ಲಿ ಅಪಾಚೆ ಕಾಮನ್ಸ್ ಕಲೆಕ್ಷನ್ಸ್ ಲೈಬ್ರರಿ ಬಳಸಿಕೊಂಡು ಇದರಿಂದ ಏನೇನು ಹಾಳು ಮಾಡಬಹುದು ಅಂತ ತೋರಿಸಿದ ಮೇಲೆ ಎಲ್ಲರಿಗೂ ಬಿಸಿ ಮುಟ್ಟಿತು. 2017ರ ಜಾವಾ 9ರಲ್ಲಿ ಒಳಬರುವ ಬೈಟುಗಳಿಗೆ ಜರಡಿ ಹಾಕುವ ಸೌಲಭ್ಯ ಬಂತು. ಜಾವಾದ ಮುಖ್ಯ ಆರ್ಕಿಟೆಕ್ಟ್ ಮಾರ್ಕ್ ರೀನ್‌ಹೋಲ್ಡ್ 2018ರಲ್ಲಿ, ಸೀರಿಯಲೈಸೇಶನ್ ಸೇರಿಸಿದ್ದೇ ದೊಡ್ಡ ತಪ್ಪು ಅನ್ನೋ ಅರ್ಥದ ಮಾತು ಆಡಿದರು. ಜೋಶುವಾ ಬ್ಲಾಕ್ ಅವರೂ "ಎಫೆಕ್ಟಿವ್ ಜಾವಾ" ಮೂರನೇ ಆವೃತ್ತಿಯಲ್ಲಿ ಬೇರೆ ದಾರಿ ಹುಡುಕಿ ಅಂತಲೇ ಹೇಳ್ತಾರೆ. ನಾನೂ ಹೊಸ ಕೆಲಸಕ್ಕೆ ಇದನ್ನ ಬಳಸಲ್ಲ.

ಆದರೆ ಬಳಸದಿದ್ದರೂ ಪ್ರಶ್ನೆ ತಪ್ಪಲ್ಲ. ಜೇಸನ್ ಬರೆಯುವ ಜಿಸನ್ ಲೈಬ್ರರಿ ಟ್ರಾನ್ಸಿಯೆಂಟ್ ಫೀಲ್ಡುಗಳನ್ನ ತಾನಾಗೇ ಬಿಡುತ್ತೆ. ಡೇಟಾಬೇಸಿಗೆ ಬರೆಯುವ ಜೆಪಿಎಯಲ್ಲಿ ಅದೇ ಹೆಸರಿನ ಗುರುತು ಇದೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಏನನ್ನಾದರೂ ಸಾಗಿಸುವಾಗ ಕೆಲವನ್ನ ಬಿಟ್ಟೇ ಹೋಗಬೇಕು. ಬಿಡೋದು ತಪ್ಪಲ್ಲ. ಬಿಟ್ಟಿದ್ದು ತಾನಾಗೇ ಬರುತ್ತೆ ಅಂದುಕೊಳ್ಳೋದು ತಪ್ಪು. ಟೆಸ್ಟ್ ಮಾಡುವಾಗಲೂ ಅಷ್ಟೇ, ಬರೆದದ್ದನ್ನ ನೋಡಿದರೆ ಸಾಲದು. ಪ್ರೋಗ್ರಾಂ ಪೂರ್ತಿ ಮುಚ್ಚಿ, ಮತ್ತೆ ತೆರೆದು, ಓದಿದ್ದನ್ನ ನೋಡಬೇಕು. ನಾನು ಅವತ್ತು ರಾತ್ರಿ ಬಸ್ ಹತ್ತೋ ಮುಂಚೆ ಒಂದು ಸಲ ತೆರೆದು ನೋಡಿದ್ದರೆ ಸಾಕಿತ್ತು.

ಮೊಮ್ಮಗಳಿಗೆ ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಕತ್ತಲಾಗಿತ್ತು. ಒಳಗಿನಿಂದ ಮಾವ ಎಲ್ಲಾ ಕೇಳಿಸಿಕೊಂಡಿದ್ದರು ಅಂತ ಕಾಣುತ್ತೆ. ಬಂದು ಕೂತು, ಗುಡಿ ಕಡೆ ಕೈ ತೋರಿಸಿ ಮೊಮ್ಮಗಳಿಗೆ ಅಂದರು:

"ನೋಡವ್ವಾ, ಕಲ್ಲು ಹಂಗೇ ಇರ್ತೈತಿ, ಎಣ್ಣಿ ಇರಂಗಿಲ್ಲ. ಅದಕ್ಕ ವರ್ಷಾ ಎರೀತಾರ. ಆದ್ರ ಎಣ್ಣಿ ಯಾರು ತರಬೇಕು ಅನ್ನೋದು ಮೊದ್ಲೇ ಗೊತ್ತಿರ್ತೈತಿ."

ಜರಿಮಲೆ ಪಾಳೇಗಾರರ ಮನೆತನದಿಂದ ಎಣ್ಣೆ ಬರೋದು ಇಲ್ಲಿನ ಸಂಪ್ರದಾಯ. ಮೊಮ್ಮಗಳು ನಗುತ್ತಾ ನೋಟ್ ಬುಕ್ಕಿನಲ್ಲಿ ಆ ನಾಲ್ಕು ಸಾಲಿನ ಕೆಳಗೆ ಐದನೇ ಸಾಲು ಬರೆದುಕೊಂಡಳು: "ತುಂಬೋರು ಯಾರು?" ಅದಕ್ಕೆ ಪರೀಕ್ಷೆಯಲ್ಲಿ ಅಂಕ ಸಿಗುತ್ತೋ ಇಲ್ಲವೋ, ಮುಂದೆ ಅವಳ ಕೋಡಿನಿಂದ ಯಾರ ಮನೆಗೂ ತಪ್ಪು ಚೀಟಿ ಹೋಗದಿದ್ದರೆ ಸಾಕು.

ಪಾಠ ಮಾಡೋ ಗೆಳೆಯರು ಇದನ್ನ ಓದುತ್ತಿದ್ದರೆ ಒಂದು ವಿನಂತಿ. ಮುಂದಿನ ಸಲ ಟ್ರಾನ್ಸಿಯೆಂಟ್ ಹೇಳುವಾಗ ಆ ಐದನೇ ಸಾಲನ್ನೂ ಬರೆಸಿ. ನಿಮಗೂ ಇಂಥ ಸೊನ್ನೆಯ ಅನುಭವ ಆಗಿದ್ದರೆ ತಿಳಿಸಿ, ನಾನೊಬ್ಬನೇ ಅಲ್ಲ ಅಂತ ಸಮಾಧಾನ ಆದರೂ ಆಗುತ್ತೆ :-)